ಸಿಡಿಲು ಹೊಡೆದ ನ್ಯಾಸ್: 4 ಡಿಸ್ಕ್, ರೇಡ್ 5, ಒಳಗೆ ಅಪ್ಪನ ತಾಳಮದ್ದಲೆ ಸಂಗ್ರಹ. ಉಳಿಸುವ ದಾರಿ ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಸೀಮೆ. ಭರಣಿ ಮಳೆಯ ಗುಡುಗಿಗೆ ಮನೆ ಹಿಂದಿನ ತೆಂಗಿನ ಮರಕ್ಕೆ ಸಿಡಿಲು ಹೊಡೆಯಿತು. ರೂಟರ್, ಟಿವಿ ಪೆಟ್ಟಿಗೆ ಎರಡೂ ಸುಟ್ಟವು. ಅವುಗಳ ಚಿಂತೆ ಇಲ್ಲ. ರೂಟರಿಗೆ ತಂತಿಯಲ್ಲಿ ಜೋಡಿಸಿದ್ದ ನ್ಯಾಸ್ (ಮನೆಯ ನೆಟ್‌ವರ್ಕ್‌ನಲ್ಲಿ ಫೈಲುಗಳನ್ನು ಕೂಡಿಡುವ ಪೆಟ್ಟಿಗೆ) ಕೂಡ ಹೋಗಿದೆ. 4 ಡಿಸ್ಕಿನ ಪೆಟ್ಟಿಗೆ, ಒಂದೊಂದೂ 4 ಟಿಬಿ, ರೇಡ್ 5 (ಡಿಸ್ಕುಗಳನ್ನು ಒಂದಾಗಿ ಕಟ್ಟಿ, ಒಂದು ಹೋದರೂ ಡೇಟಾ ಉಳಿಸುವ ವಿಧಾನ), ಫೈಲ್ ಸಿಸ್ಟಂ ಇಎಕ್ಸ್‌ಟಿ4. ತುಂಬಿದ್ದು ಸುಮಾರು 3 ಟಿಬಿ. ಗುಂಡಿ ಒತ್ತಿದರೆ ದೀಪ ಒಮ್ಮೆ ಮಿನುಗಿ ಆರಿಹೋಗುತ್ತದೆ.

ಮನೆಯ ಫೋಟೋಗಳಿಗಿಂತ ನನಗೆ ದೊಡ್ಡದು ಅಪ್ಪ ಕ್ಯಾಸೆಟ್‌ಗಳಿಂದ ಇಳಿಸಿಟ್ಟ ತಾಳಮದ್ದಲೆಗಳು. 1980-90ರ ದಶಕದಲ್ಲಿ ಸುತ್ತಲಿನ ದೇವಸ್ಥಾನಗಳಲ್ಲಿ, ಮನೆ ಜಗಲಿಗಳಲ್ಲಿ ನಡೆದ ಕೂಟಗಳು. ಅದರಲ್ಲಿ ಅರ್ಥ ಹೇಳಿದ ಎಷ್ಟೋ ಜನ ಈಗಿಲ್ಲ. ಮಳೆಗಾಲದ ಥಂಡಿಗೆ ಮೂಲ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದು ಟೇಪು ಅಂಟಿಕೊಂಡಿದೆ, ಇನ್ನೊಮ್ಮೆ ಓಡಿಸುವ ಹಾಗಿಲ್ಲ.

ಪೇಟೆಯ ಅಂಗಡಿಯವರು ಹೊಸ ಪೆಟ್ಟಿಗೆ ತಂದು ಡಿಸ್ಕುಗಳನ್ನು ಅದಕ್ಕೆ ಹಾಕಿ ಎನ್ನುತ್ತಾರೆ. ಭಾವ, ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿ ಚೆಕ್ ಡಿಸ್ಕ್ ಓಡಿಸು ಎನ್ನುತ್ತಾನೆ. ನಾನಿನ್ನೂ ಏನನ್ನೂ ಮುಟ್ಟಿಲ್ಲ. ಯಾವ ದಾರಿ ಹಿಡಿಯಲಿ?

ಕಪ್ಪುಪರದೆ

ಮುಟ್ಟದೆ ಕೇಳಿದ್ದು ಒಳ್ಳೆಯದಾಯಿತು. ಆ ಎರಡೂ ಸಲಹೆ ಬೇಡ.

ಮೊದಲು ಧೈರ್ಯದ ಮಾತು. ಮನೆಬಳಕೆಯ ನ್ಯಾಸ್ ಪೆಟ್ಟಿಗೆಗಳಲ್ಲಿ ಬಹುಪಾಲು ಒಳಗೆ ಓಡುವುದು ಲಿನಕ್ಸ್. ರೇಡ್ ಕಟ್ಟುವುದೂ ಲಿನಕ್ಸ್ ಕರ್ನಲ್‌ನ ಎಂಡಿ ಎಂಬ ಭಾಗವೇ. ಯಾವ ಡಿಸ್ಕ್ ಯಾವ ಗುಂಪಿನದು, ಅದರ ಸ್ಥಾನ ಎಷ್ಟನೆಯದು, ಡೇಟಾ ಹಂಚುವ ತುಂಡಿನ ಅಳತೆ ಎಷ್ಟು ಎಂಬುದೆಲ್ಲ ಪ್ರತಿ ಡಿಸ್ಕಿನ ಸೂಪರ್‌ಬ್ಲಾಕ್‌ನಲ್ಲಿ ಬರೆದಿರುತ್ತದೆ. ಆದ್ದರಿಂದ ಪೆಟ್ಟಿಗೆ ಸತ್ತರೆ ಡೇಟಾ ಸಾಯುವುದಿಲ್ಲ. ಡಿಸ್ಕುಗಳನ್ನು ಸಾಮಾನ್ಯ ಕಂಪ್ಯೂಟರಿಗೆ ಜೋಡಿಸಿ ಲಿನಕ್ಸ್‌ನಲ್ಲಿ ಕೂಡಿಸಬಹುದು. ರೇಡ್ 5 ಆದ್ದರಿಂದ ನಾಲ್ಕರಲ್ಲಿ ಮೂರು ಸರಿಯಿದ್ದರೆ ಸಾಕು.

ಹೊಸ ಪೆಟ್ಟಿಗೆ ಯಾಕೆ ಬೇಡ? ಬೇರೆ ಕಂಪನಿಯದಾದರೆ ಅದು ಡಿಸ್ಕುಗಳನ್ನು ಖಾಲಿ ಎಂದೇ ತಿಳಿದು ಹೊಸದಾಗಿ ಸಿದ್ಧಪಡಿಸಲು ಹೊರಡುತ್ತದೆ. ಅದೇ ಕಂಪನಿಯದಾದರೂ ಹಾಕಿದ ಕೂಡಲೇ ಬರೆಯಲು ಶುರುಮಾಡುತ್ತದೆ. ಡಿಸ್ಕುಗಳಲ್ಲಿ ಒಂದಕ್ಕೆ ಪೆಟ್ಟಾಗಿದ್ದು, ಅದರ ಬದಲು ಹೊಸದನ್ನು ಕೊಟ್ಟು ರೀಬಿಲ್ಡ್ (ಹೋದದ್ದರ ಪಾಲನ್ನು ಹೊಸದರಲ್ಲಿ ಮತ್ತೆ ಕಟ್ಟುವುದು) ಮಾಡಿಸಿದಿರೋ, ಉಳಿದ ಮೂರನ್ನೂ ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಓದಲೇಬೇಕು. ಆಗ ಇನ್ನೊಂದು ಕೈಕೊಟ್ಟರೆ ಎಲ್ಲವೂ ಹೋಯಿತು.

ವಿಂಡೋಸ್‌ಗೆ ಎಂಡಿಯೂ ಗೊತ್ತಿಲ್ಲ, ಇಎಕ್ಸ್‌ಟಿ4 ಕೂಡ ಗೊತ್ತಿಲ್ಲ. ಇನಿಷಿಯಲೈಸ್ ಮಾಡಲೇ, ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಮನೆಯವರಲ್ಲಿ ಯಾರಾದರೂ ಹೂಂ ಎಂದು ಒತ್ತಿದರೆ ಕೆಲಸ ಹತ್ತುಪಟ್ಟು ಕಷ್ಟವಾಗುತ್ತದೆ.

ಈಗ ಮಾಡುವುದು ಇಷ್ಟೇ: ಪ್ಲಗ್ ಕಿತ್ತು, ಡಿಸ್ಕುಗಳನ್ನು ಒಂದೊಂದಾಗಿ ಹೊರತೆಗೆದು, ಯಾವ ಖಾನೆಯದು ಎಂದು ಮಾರ್ಕರ್‌ನಲ್ಲಿ ಮೈಮೇಲೆ ಬರೆಯಿರಿ.

ಬೆಸುಗೆ

ರಿಪೇರಿ ಕೆಲಸದವನು ನಾನು. ಪೆಟ್ಟಿಗೆಯ ಅಡಾಪ್ಟರನ್ನು ಮಲ್ಟಿಮೀಟರಿನಲ್ಲಿ ನೋಡಿ. 12 ವೋಲ್ಟ್ ಬಾರದಿದ್ದರೆ ಅಡಾಪ್ಟರ್ ಮಾತ್ರ ಹೋಗಿರಲೂಬಹುದು. ಆದರೆ ಅಡಾಪ್ಟರ್ ಬದಲಿಸಿ ಡಿಸ್ಕ್ ಸಮೇತ ಚಾಲೂ ಮಾಡಲು ಹೋಗಬೇಡಿ. ಸಿಡಿಲಿನ ಪೆಟ್ಟು ತಿಂದ ಬೋರ್ಡ್ ಡಿಸ್ಕುಗಳಿಗೆ ಯಾವ ವೋಲ್ಟೇಜ್ ಕಳಿಸುತ್ತದೆಂದು ನಂಬುವ ಹಾಗಿಲ್ಲ.

ಡಿಸ್ಕುಗಳನ್ನು ಒಳ್ಳೆಯ ಎಸ್‌ಎಂಪಿಎಸ್ (ಪವರ್ ಸಪ್ಲೈ) ಇರುವ ಡೆಸ್ಕ್‌ಟಾಪಿಗೆ, ಒಂದು ಸಲಕ್ಕೆ ಒಂದರಂತೆ ಜೋಡಿಸಿ. ಕೈ ಇಟ್ಟರೆ ತಿರುಗುವುದು ಗೊತ್ತಾಗುತ್ತದೆ. ಟಕ್ ಟಕ್ ಎಂದು ಬಡಿಯುವ ಸದ್ದು ಬಂದರೆ ತಕ್ಷಣ ಕರೆಂಟ್ ತೆಗೆಯಿರಿ, ಅದು ಡೇಟಾ ಓದುವ ಹೆಡ್ಡಿನ ತೊಂದರೆ, ಓಡಿಸಿದಷ್ಟೂ ತಟ್ಟೆ ಕೆರೆಯುತ್ತದೆ. ಸದ್ದೂ ಇಲ್ಲ, ತಿರುಗುವುದೂ ಇಲ್ಲ ಎಂದಾದರೆ ಬೋರ್ಡಿನ ತೊಂದರೆ ಇರಬಹುದು. ಆ ಎರಡರಲ್ಲಿ ಇದೇ ವಾಸಿ.

ಶಿವಮೊಗ್ಗೆಯಿಂದ

ತಿರುಗದ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟರೆ ಓಡುತ್ತದೆ ಎಂದು ಎಲ್ಲೋ ಓದಿದ್ದೆ. ಪ್ರಯತ್ನಿಸಬಹುದಲ್ಲ?

ಬೆಸುಗೆ

ದಯವಿಟ್ಟು ಬೇಡ. ಹೊರಗೆ ತೆಗೆದ ತಕ್ಷಣ ನೀರಾವಿ ಹನಿಗಟ್ಟುತ್ತದೆ. ಹೆಚ್ಚಿನ ಡಿಸ್ಕುಗಳಲ್ಲಿ ಗಾಳಿಯಾಡಲು ಸಣ್ಣ ತೂತು ಇರುತ್ತದೆ. ಹೆಡ್ಡು ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ, ಅಲ್ಲಿಗೆ ತೇವ ಬಂದರೆ ಮುಗಿಯಿತು. ಮಲೆನಾಡಿನ ಹವೆಯಲ್ಲಂತೂ ಇದು ಇನ್ನೂ ಅಪಾಯ. ಮುಚ್ಚಳ ಬಿಚ್ಚಿ ನೋಡುವುದೂ ಬೇಡ.

ತುಂಗಾತೀರ

ಭಾವನ ಹಳೆಯ ಡೆಸ್ಕ್‌ಟಾಪ್ ತರಿಸಿಕೊಂಡೆ. ಅದರ ವಿಂಡೋಸ್ ಡಿಸ್ಕ್ ಕಳಚಿ, ಸಿಸ್ಟಂರೆಸ್ಕ್ಯೂ ಎಂಬ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಒಂದೊಂದೇ ನೋಡಿದೆ.

1 ಮತ್ತು 3: ತಿರುಗುತ್ತವೆ, ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ದೋಷ ಕಾಣುವುದಿಲ್ಲ. 2: ಜೀವವೇ ಇಲ್ಲ, ಸದ್ದೂ ಇಲ್ಲ. 4: ತಿರುಗುತ್ತದೆ, ಆದರೆ ಓದಲು ತಡವರಿಸುತ್ತದೆ. ಸ್ಮಾರ್ಟ್‌ನಲ್ಲಿ 197ನೆಯ ಸಾಲು 312 ತೋರಿಸುತ್ತಿದೆ, 5ನೆಯ ಸಾಲು 40.

ಒಂದು ಹೋದರೆ ನಡೆಯುತ್ತದೆ ಎಂದಿರಿ. ಇಲ್ಲಿ ಒಂದೂವರೆ ಹೋದ ಹಾಗಿದೆ. ತುಂಬಾ ಭಯವಾಗುತ್ತಿದೆ.

ಡಬ್ಲಿನ್‌ವಾಸಿ

ನನ್ನ ಅಭಿಪ್ರಾಯ ಬೇರೆ. ಬೇರೆ ಪ್ರತಿ ಇಲ್ಲದ ಧ್ವನಿಮುದ್ರಣ ಅಂದಮೇಲೆ ನೇರವಾಗಿ ಬೆಂಗಳೂರಿನ ಯಾವುದಾದರೂ ಡೇಟಾ ರಿಕವರಿ ಪ್ರಯೋಗಾಲಯಕ್ಕೆ ನಾಲ್ಕನ್ನೂ ಕಳಿಸಿ. ಕ್ಲೀನ್ ರೂಂ (ದೂಳಿಲ್ಲದ ಕೋಣೆ) ಇದೆಯೇ, ಡೇಟಾ ಸಿಗದಿದ್ದರೆ ಹಣ ತೆಗೆದುಕೊಳ್ಳುವುದಿಲ್ಲವೇ, ನಾಲ್ಕು ಡಿಸ್ಕಿಗೂ ಸೇರಿ ಎಷ್ಟು ಎಂಬುದನ್ನು ಬರಹದಲ್ಲಿ ಕೇಳಿ. ಮನೆಯಲ್ಲಿ ಕಲಿಯುತ್ತಾ ಮಾಡುವ ಕೆಲಸ ಇದಲ್ಲ.

ಕಪ್ಪುಪರದೆ

ಡಬ್ಲಿನ್‌ವಾಸಿಗಳ ಮಾತಿನಲ್ಲಿ ತೂಕ ಇದೆ. 4ನೆಯದು ಬಡಿಯುವ ಸದ್ದು ಮಾಡಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಇಲ್ಲಿ ಎರಡು ಡಿಸ್ಕ್ ಪೂರ್ತಿ ಆರೋಗ್ಯವಾಗಿವೆ, ಒಂದಕ್ಕೆ ಕೆಲವು ಸೆಕ್ಟರ್ ಓದಲಾಗುತ್ತಿಲ್ಲ. 197 ಎಂದರೆ ಓದಲು ಆಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು, 5 ಎಂದರೆ ಈಗಾಗಲೇ ಬದಲಿ ಜಾಗ ಕೊಟ್ಟವು. ಕೋಟಿಗಟ್ಟಲೆ ಸೆಕ್ಟರುಗಳ ಡಿಸ್ಕಿನಲ್ಲಿ 312 ದೊಡ್ಡದಲ್ಲ, ಬೆಳೆಯುತ್ತಾ ಹೋದರೆ ದೊಡ್ಡದು. ಆದ್ದರಿಂದ ಅದರ ಉಳಿದ ಆಯುಸ್ಸನ್ನು ಒಂದೇ ಒಂದು ಕೆಲಸಕ್ಕೆ ಖರ್ಚು ಮಾಡಬೇಕು: ಪೂರ್ತಿ ನಕಲು ತೆಗೆಯಲು. ನಡುವೆ ಬಡಿತ ಶುರುವಾದರೆ ಅಲ್ಲಿಗೇ ನಿಲ್ಲಿಸಿ ಪ್ರಯೋಗಾಲಯಕ್ಕೆ ಕಳಿಸಿ.

ನಕಲಿಗೆ ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ. ಸಾಮಾನ್ಯ ಕಾಪಿ ಸಾಧನ ಕೆಟ್ಟ ಸೆಕ್ಟರ್ ಸಿಕ್ಕಲ್ಲೇ ಜಗ್ಗಾಡುತ್ತದೆ. ಇದು ಕೆಟ್ಟ ಜಾಗವನ್ನು ಹಾರಿ ಮುಂದೆ ಹೋಗಿ, ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಮೊದಲ ಸುತ್ತಿನಲ್ಲಿ ಸ್ಕ್ರೇಪ್, ಅಂದರೆ ಕೆಟ್ಟ ಜಾಗಗಳನ್ನು ಕೆದಕಿ ಓದುವ ಹಂತ, ಬೇಡ ಎಂಬ ಆಯ್ಕೆ ಕೊಡಿ. ಅದು ಮುಗಿದ ಮೇಲೆ ಎರಡನೆಯ ಸುತ್ತಿನಲ್ಲಿ ಮೂರು ಮರುಪ್ರಯತ್ನ ಕೊಟ್ಟು ಉಳಿದ ಜಾಗಗಳನ್ನು ಹಿಡಿಯಿರಿ.

ಮ್ಯಾಪ್‌ಫೈಲ್ ಕೊಡದೆ ಮಾತ್ರ ಓಡಿಸಬೇಡಿ. ಯಾವ ಜಾಗ ಓದಿತು, ಯಾವುದು ಉಳಿಯಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ನಿಮ್ಮಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಮ್ಯಾಪ್‌ಫೈಲ್ ಇದ್ದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಇಲ್ಲದಿದ್ದರೆ ಸೋತ ಡಿಸ್ಕನ್ನು ಮತ್ತೆ ಮೊದಲಿನಿಂದ ಓದಿಸಬೇಕು. ಆ ಫೈಲನ್ನು ಪೆನ್‌ಡ್ರೈವ್‌ನಿಂದ ಓಡುವ ಲೈವ್ ಸಿಸ್ಟಂನ ತಾತ್ಕಾಲಿಕ ಜಾಗದಲ್ಲಿ ಇಡಬೇಡಿ, ಸಿಸ್ಟಂ ಆರಿದರೆ ಅದೂ ಹೋಗುತ್ತದೆ. ಇಮೇಜ್ (ಡಿಸ್ಕಿನ ಪೂರ್ತಿ ನಕಲಿನ ಫೈಲ್) ಇಡುವ ಡಿಸ್ಕಿನಲ್ಲೇ ಇಡಿ.

ಸೆಕೆಂಡಿಗೆ 150 ಎಂಬಿ ಸಿಕ್ಕಿದರೆ 4 ಟಿಬಿಗೆ ಏಳೂವರೆ ಗಂಟೆ. ಸೋತ ಡಿಸ್ಕಿಗೆ ಅದಕ್ಕಿಂತ ಬಹಳ ಹೆಚ್ಚು ಹಿಡಿಯಬಹುದು, ಗಾಬರಿಯಾಗಬೇಡಿ. ಫ್ಯಾನ್ ಗಾಳಿ ಬೀಸುತ್ತಿರಲಿ.

ಇಮೇಜಿಗೆ 8 ಟಿಬಿ ಡಿಸ್ಕ್ ಸಾಕು ಅಂದುಕೊಳ್ಳಬೇಡಿ. ಎರಡು 4 ಟಿಬಿ ಇಮೇಜ್ ಇಡುವ ಪ್ರಸಂಗ ಬಂದರೆ ಸ್ವಲ್ಪದರಲ್ಲಿ ಜಾಗ ಸಾಲದೆ ಹೋಗುತ್ತದೆ. 12 ಟಿಬಿಯ ಒಂದು, ಹೊರತೆಗೆದ ಫೈಲುಗಳಿಗೆ 4 ಟಿಬಿಯ ಇನ್ನೊಂದು ತನ್ನಿ. ಬರೆಸಿಕೊಳ್ಳುವ ಡಿಸ್ಕುಗಳು ಯುಎಸ್‌ಬಿಯಲ್ಲಿದ್ದರೂ ನಡೆಯುತ್ತದೆ. ಹಳೆಯ ನಾಲ್ಕನ್ನು ಮಾತ್ರ ಸಾಟಾ ತಂತಿಯಲ್ಲೇ ಜೋಡಿಸಿ. ಕೆಲವು ಯುಎಸ್‌ಬಿ ಡಾಕ್‌ಗಳು ಸೆಕ್ಟರಿನ ಅಳತೆಯನ್ನೇ ಬೇರೆ ತೋರಿಸಿ, ಪಾರ್ಟಿಷನ್‌ಗಳೇ ಇಲ್ಲವೆಂಬ ಭ್ರಮೆ ಹುಟ್ಟಿಸುತ್ತವೆ.

ತುಂಗಾತೀರ

ಇಮೇಜ್ ಮುಗಿಯಿತು! ನಡುವೆ ಕರೆಂಟ್ ಹೋಗಿತ್ತು, ಮ್ಯಾಪ್‌ಫೈಲ್ ದಯೆಯಿಂದ ನಿಂತಲ್ಲಿಂದಲೇ ಓಡಿತು. ಮೊದಲ ಸುತ್ತಿನಲ್ಲೇ ಹೆಚ್ಚುಕಡಿಮೆ ಎಲ್ಲವೂ ಬಂತು. ಮರುಪ್ರಯತ್ನದ ನಂತರ ಓದಲಾಗದೆ ಉಳಿದದ್ದು 1 ಎಂಬಿಗಿಂತ ಕಡಿಮೆ. 4ನೆಯದನ್ನು ಕಳಚಿ ಎತ್ತಿಟ್ಟಿದ್ದೇನೆ. ಈಗ 1, 3 ಮತ್ತು 4ರ ಇಮೇಜ್. ಕೂಡಿಸುವುದು ಹೇಗೆ?

ಕಪ್ಪುಪರದೆ

ಬಹಳ ಸಂತೋಷ. ಇನ್ನು ಮುಂದಿನದು ತಾಳ್ಮೆಯ ಕೆಲಸ.

ಮೊದಲು 1 ಮತ್ತು 3ನ್ನು ಬ್ಲಾಕ್‌ಡೆವ್ ಆಜ್ಞೆಯಿಂದ ಓದಲು ಮಾತ್ರ ಎಂದು ಗುರುತಿಸಿ. 4ರ ಇಮೇಜನ್ನು ಲೂಪ್ ಸಾಧನವಾಗಿ (ಫೈಲನ್ನೇ ಡಿಸ್ಕಿನಂತೆ ತೋರಿಸುವ ವ್ಯವಸ್ಥೆ), ಅದನ್ನೂ ಓದಲು ಮಾತ್ರವಾಗಿ ಜೋಡಿಸಿ. ಆಮೇಲೆ ಮೂರರ ಮೇಲೂ ಡಿವೈಸ್ ಮ್ಯಾಪರ್‌ನ ಸ್ನ್ಯಾಪ್‌ಶಾಟ್ ಓವರ್‌ಲೇ ಹಾಕಿ. ಬರೆಯುವುದೆಲ್ಲ ಪಕ್ಕದ ಒಂದು ಫೈಲಿಗೆ ಹೋಗುತ್ತದೆ, ಮೂಲಕ್ಕೆ ಒಂದು ಬಿಟ್ ಕೂಡ ತಾಗುವುದಿಲ್ಲ. ತಪ್ಪಾದರೆ ಓವರ್‌ಲೇ ಅಳಿಸಿ ಮತ್ತೆ ಮೊದಲಿನಿಂದ ಶುರುಮಾಡಬಹುದು. ಲಿನಕ್ಸ್ ರೇಡ್ ಬಳಗದವರು ತಮ್ಮ ವಿಕಿಯಲ್ಲೇ ಈ ದಾರಿ ಹೇಳಿದ್ದಾರೆ.

ನಂತರ ಎಂಡಿ ರೇಡನ್ನು ನಡೆಸುವ ಸಾಧನವಾದ ಎಂಡಿಎಡಿಎಂನ ಎಗ್ಸಾಮಿನ್ ಓಡಿಸಿ. ಎಷ್ಟೋ ಪೆಟ್ಟಿಗೆಗಳಲ್ಲಿ ಮೊದಲ ಪಾರ್ಟಿಷನ್ ಪೆಟ್ಟಿಗೆಯ ಸ್ವಂತ ಸಿಸ್ಟಂಗೆ, ಎರಡನೆಯದು ಸ್ವಾಪ್‌ಗೆ, ಡೇಟಾ ಅದರ ನಂತರದ ದೊಡ್ಡ ಪಾರ್ಟಿಷನ್‌ನಲ್ಲಿ. ಆ ದೊಡ್ಡದರ ಮೇಲೆ ನೋಡಿ: ಮೂರರಲ್ಲೂ ಗುಂಪಿನ ಯುಯುಐಡಿ (ಗುರುತಿನ ಸಂಖ್ಯೆ) ಒಂದೇ ಇರಬೇಕು, ಸ್ಥಾನ ಬೇರೆ ಬೇರೆ ಇರಬೇಕು, ಈವೆಂಟ್ಸ್ (ಗುಂಪಿನಲ್ಲಿ ಆದ ಬದಲಾವಣೆಗಳ ಎಣಿಕೆ) ಸಂಖ್ಯೆ ಒಂದೇ ಇರಬೇಕು ಅಥವಾ ತೀರಾ ಹತ್ತಿರ ಇರಬೇಕು. ಯಾವುದಾದರೂ ಒಂದರಲ್ಲಿ ಈವೆಂಟ್ಸ್ ಬಹಳ ಹಿಂದಿದ್ದರೆ ಆ ಡಿಸ್ಕ್ ಎಂದೋ ಗುಂಪಿನಿಂದ ಹೊರಬಿದ್ದಿತ್ತು ಎಂದರ್ಥ. ಹಳೆಯದನ್ನು ಸೇರಿಸಿದರೆ ಫೈಲುಗಳು ಕಲಸಿಹೋಗುತ್ತವೆ.

ಆಮೇಲೆ ಅಸೆಂಬಲ್, ಅಂದರೆ ಗುಂಪನ್ನು ಕೂಡಿಸುವ ಆಜ್ಞೆ. ಅಂತರ್ಜಾಲದಲ್ಲಿ ಹುಡುಕಿದರೆ ಕ್ರಿಯೇಟ್ ಎಂಬ ಆಜ್ಞೆ ಕೊಟ್ಟು ಗೆದ್ದವರ ಕಥೆ ಸಿಗುತ್ತದೆ. ಅದು ಹೊಸ ಸೂಪರ್‌ಬ್ಲಾಕ್ ಬರೆಯುತ್ತದೆ. ಕ್ರಮವೋ, ತುಂಡಿನ ಅಳತೆಯೋ, ಡೇಟಾ ಶುರುವಾಗುವ ಜಾಗವೋ ತಪ್ಪಿದರೆ ಮತ್ತು ನಾಲ್ಕೂ ಡಿಸ್ಕ್ ಕೊಟ್ಟಿದ್ದರೆ, ಹಿನ್ನೆಲೆಯಲ್ಲಿ ಪ್ಯಾರಿಟಿ (ಹೋದ ಡಿಸ್ಕಿನ ಪಾಲನ್ನು ಲೆಕ್ಕಹಾಕಲು ಇಟ್ಟ ಹೆಚ್ಚುವರಿ ಮಾಹಿತಿ) ತಿದ್ದಲು ಹೊರಟು ಒಳ್ಳೆಯ ಡೇಟಾದ ಮೇಲೆಯೇ ಬರೆಯುತ್ತದೆ. ನಾನು ಕಂಡ ನಷ್ಟಗಳಲ್ಲಿ ಹೆಚ್ಚಿನವು ಡಿಸ್ಕ್ ಕೆಟ್ಟದ್ದರಿಂದ ಆದವಲ್ಲ, ಆಮೇಲೆ ಕೊಟ್ಟ ಇಂಥ ಆಜ್ಞೆಗಳಿಂದ ಆದವು.

ತುಂಗಾತೀರ

ಯುಯುಐಡಿ ಮೂರಕ್ಕೂ ಒಂದೇ. ಈವೆಂಟ್ಸ್ ಕೂಡ ಮೂರಕ್ಕೂ ಒಂದೇ. ಆದರೆ ಅಸೆಂಬಲ್ ಮಾಡಿದರೆ ಚಾಲೂ ಆಗುತ್ತಿಲ್ಲ. ಡರ್ಟಿ ಡಿಗ್ರೇಡೆಡ್ ಅರೇ (ರೇಡ್ ಗುಂಪು) ಶುರುಮಾಡಲಾಗದು ಎಂಬ ಸಂದೇಶ ಕರ್ನಲ್ ಲಾಗ್‌ನಲ್ಲಿದೆ.

ಕಪ್ಪುಪರದೆ

ಅದು ಬರಬೇಕಾದದ್ದೇ. ಬರೆಯುತ್ತಿದ್ದಾಗ ಕರೆಂಟ್ ತಟಕ್ಕನೆ ಹೋಗಿದೆ, ಸಾಲದ್ದಕ್ಕೆ ಗುಂಪಿನಲ್ಲಿ ಒಂದು ಡಿಸ್ಕ್ ಕಡಿಮೆ ಇದೆ. ಆ ಕ್ಷಣ ಬರೆಯುತ್ತಿದ್ದ ಪಟ್ಟಿಯಲ್ಲಿ (ಎಲ್ಲ ಡಿಸ್ಕುಗಳಿಗೂ ಹರಡಿದ ತುಂಡುಗಳ ಒಂದು ಸಾಲು) ಡೇಟಾ ಮತ್ತು ಪ್ಯಾರಿಟಿ ಹೊಂದದೆ ಇರಬಹುದು, ಅದಕ್ಕೆ ಕರ್ನಲ್ ಹಿಂಜರಿಯುತ್ತದೆ. ವರ್ಷಗಳಿಂದ ಅಲುಗಾಡದೆ ಇದ್ದ ನಿಮ್ಮ ಧ್ವನಿಮುದ್ರಣಗಳಿಗೆ ಅದರಿಂದ ತೊಂದರೆ ಇಲ್ಲ. ಓವರ್‌ಲೇ ಮೇಲೆ ಇದ್ದೀರಿ ಎಂದು ಇನ್ನೊಮ್ಮೆ ಖಚಿತಪಡಿಸಿಕೊಂಡು ಅಸೆಂಬಲ್ ಜೊತೆ ಫೋರ್ಸ್ ಕೊಡಿ. ಅದು ಸೂಪರ್‌ಬ್ಲಾಕ್‌ನಲ್ಲಿ ಬರೆಯುತ್ತದೆ, ಓವರ್‌ಲೇ ಹಾಕಿಸಿದ್ದು ಇದಕ್ಕಾಗಿಯೇ.

ಮೌಂಟ್ ಮಾಡುವಾಗ ಎಲ್‌ವಿಎಂ2 ಮೆಂಬರ್ ಎಂಬ ಅಪರಿಚಿತ ಫೈಲ್ ಸಿಸ್ಟಂ ಎಂದು ಬಂದರೆ ಹೆದರಬೇಡಿ. ರೇಡ್ ಮೇಲೆ ಎಲ್‌ವಿಎಂ (ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ) ಪದರ ಇದೆ ಅಷ್ಟೆ, ವಾಲ್ಯೂಮ್ ಗುಂಪನ್ನು ಸಕ್ರಿಯಗೊಳಿಸಿ. ಕೊನೆಗೆ ಮೌಂಟ್ ಮಾಡುವಾಗ ಓದಲು ಮಾತ್ರ ಎಂಬುದರ ಜೊತೆ ನೋಲೋಡ್ ಕೂಡ ಕೊಡಿ. ಇಲ್ಲದಿದ್ದರೆ ಇಎಕ್ಸ್‌ಟಿ4 ತನ್ನ ಜರ್ನಲನ್ನು ಮರುಓಡಿಸಲು ನೋಡುತ್ತದೆ.

ತುಂಗಾತೀರ

ಕಾಣಿಸಿತು. ಅಪ್ಪ ಇಟ್ಟ ಫೋಲ್ಡರುಗಳೆಲ್ಲ, ಊರು, ವರ್ಷ, ಪ್ರಸಂಗ, ಭಾಗವತರ ಹೆಸರಿನ ಸಮೇತ. ಅಪ್ಪನನ್ನು ಕೂರಿಸಿ ಒಂದು ಫೈಲ್ ಹಾಕಿ ಕೇಳಿಸಿದೆ. ಈಗ 4 ಟಿಬಿ ಡಿಸ್ಕಿಗೆ ಫೈಲು ನಕಲಿಸಲು ಆರ್‌ಸಿಂಕ್ ಓಡುತ್ತಿದೆ. ಕಪ್ಪುಪರದೆ, ಬೆಸುಗೆ, ನಿಮ್ಮಿಬ್ಬರಿಗೂ ಏನು ಹೇಳಬೇಕೆಂದೇ ತಿಳಿಯುತ್ತಿಲ್ಲ.

ಒಂದು ಪ್ರಶ್ನೆ. 4ರಲ್ಲಿ ಓದಲಾಗದೆ ಉಳಿದ ಆ 1 ಎಂಬಿ ಯಾವ ಫೈಲುಗಳಲ್ಲಿದೆ ಎಂದು ತಿಳಿಯುವುದು ಹೇಗೆ?

ಚಂಡೆಮದ್ದಳೆ

ಇಷ್ಟು ದಿನ ಓದುತ್ತಾ ಇದ್ದೆ, ಈಗ ಬರೆಯುತ್ತಿದ್ದೇನೆ. ಹಳೆಯ ಧ್ವನಿಮುದ್ರಣಗಳನ್ನು ಡಿಜಿಟಲ್ ಮಾಡುವುದು ನನ್ನ ಹವ್ಯಾಸ. ಫೈಲುಗಳು ವೇವ್ (ಒತ್ತಿ ಚಿಕ್ಕದು ಮಾಡದ ಧ್ವನಿ ಫೈಲು) ಆಗಿದ್ದರೆ ಅಷ್ಟು ಚಿಂತೆ ಬೇಡ. ಸಿಡಿ ಗುಣಮಟ್ಟದ ವೇವ್‌ನಲ್ಲಿ ಸೆಕೆಂಡಿಗೆ 1,76,400 ಬೈಟ್. 4,096 ಬೈಟಿನ ಒಂದು ಸೆಕ್ಟರ್ ಹೋದರೆ ಹೋಗುವುದು 23 ಮಿಲಿಸೆಕೆಂಡ್. ಒಂದು ಟಿಕ್ ಸದ್ದು ಕೇಳಿಸೀತು, ಮಾತು ತಪ್ಪುವುದಿಲ್ಲ. ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಸರಿಪಡಿಸಬಹುದು. ಜೆಪೆಗ್ ಫೋಟೋದ ಕಥೆ ಬೇರೆ, ನಡುವೆ ಒಂದು ಸೆಕ್ಟರ್ ಹೋದರೆ ಅಲ್ಲಿಂದ ಕೆಳಗಿನ ಚಿತ್ರವೆಲ್ಲ ಬಣ್ಣಗೆಡಬಹುದು.

90 ನಿಮಿಷದ ಒಂದು ಕ್ಯಾಸೆಟ್ ವೇವ್ ಆದಾಗ ಸುಮಾರು 950 ಎಂಬಿ ಆಗುತ್ತದೆ. ಜಾಗ ಉಳಿಸಲು ಎಂಪಿ3 ಮಾಡದೆ ಹಾಗೇ ಇಟ್ಟಿದ್ದರೆ ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಕಪ್ಪುಪರದೆ

ಡಿಡಿರೆಸ್ಕ್ಯೂನಲ್ಲಿ ಫಿಲ್ ಮೋಡ್ ಎಂಬುದಿದೆ. ಓದಲಾಗದ ಜಾಗಗಳಲ್ಲಿ ನೀವು ಕೊಟ್ಟ ಒಂದು ಗುರುತಿನ ಪದ ತುಂಬಿಸಿ, ಆಮೇಲೆ ಆ ಪದ ಇರುವ ಫೈಲುಗಳನ್ನು ಹುಡುಕಬಹುದು. ಆದರೆ ನಿಮ್ಮ ವಿಷಯದಲ್ಲಿ ಇದು ಅರ್ಧ ಉತ್ತರ. 2ನೆಯ ಡಿಸ್ಕ್ ಇಲ್ಲದ್ದರಿಂದ ಅದರ ಪಾಲನ್ನು ಉಳಿದ ಮೂರರಿಂದ ಲೆಕ್ಕ ಹಾಕಲಾಗುತ್ತಿದೆ. 4ರಲ್ಲಿ ಒಂದು ಸೆಕ್ಟರ್ ಹೋದರೆ ಅದರ ಜೊತೆಗೆ ಅದೇ ಪಟ್ಟಿಯಲ್ಲಿ 2ರ ಪಾಲೂ ತಪ್ಪಾಗಿ ಲೆಕ್ಕ ಬರುತ್ತದೆ. ಅಲ್ಲಿ ಗುರುತಿನ ಪದ ಕಾಣಿಸುವುದಿಲ್ಲ, ಕಲಸಿದ ಬೈಟುಗಳಷ್ಟೇ ಇರುತ್ತವೆ.

2ನೆಯದಕ್ಕೆ ಜೀವ ಬಂದರೆ ಈ ಹುಡುಕಾಟವೇ ಬೇಡ. ನಾಲ್ಕೂ ಒಂದೇ ಕ್ಷಣಕ್ಕೆ ನಿಂತವು. ಅದರ ಈವೆಂಟ್ಸ್ ಕೂಡ ಅದೇ ಸಂಖ್ಯೆ ಇದ್ದರೆ, 4ನ್ನು ಬಿಟ್ಟು 1, 2, 3ರಿಂದಲೇ ಕೂಡಿಸಿ ಕೊರತೆಯಿಲ್ಲದ ಪ್ರತಿ ಪಡೆಯಬಹುದು. ಬೆಸುಗೆಯವರೇ, ಏನಂತೀರಿ?

ಬೆಸುಗೆ

ಇದನ್ನು ಮೊದಲೇ ಹೇಳದೆ ತಡೆದಿದ್ದೆ, ಆಗ 2ನೆಯದನ್ನು ಮುಟ್ಟುವ ಅಗತ್ಯ ಇತ್ತೋ ಇಲ್ಲವೋ ಗೊತ್ತಿರಲಿಲ್ಲ. ಈಗ ಒಂದು ಪ್ರತಿ ಕೈಯಲ್ಲಿದೆ, ಧೈರ್ಯವಾಗಿ ನೋಡಬಹುದು.

ಡಿಸ್ಕಿನ ಬೋರ್ಡಿನಲ್ಲಿ ಪವರ್ ಕನೆಕ್ಟರ್ ಹತ್ತಿರ ಎರಡು ಟಿವಿಎಸ್ ಡಯೋಡ್ ಇರುತ್ತವೆ, 12 ವೋಲ್ಟಿಗೊಂದು, 5 ವೋಲ್ಟಿಗೊಂದು. ಹೆಚ್ಚಿನ ವೋಲ್ಟೇಜ್ ಬಂದಾಗ ತಾವು ಶಾರ್ಟ್ ಆಗಿ ಒಳಗಿನ ಚಿಪ್ಪುಗಳನ್ನು ಕಾಯುವುದೇ ಅವುಗಳ ಕೆಲಸ. ಶಾರ್ಟ್ ಆದ ಮೇಲೆ ಡಿಸ್ಕ್ ತಿರುಗುವುದಿಲ್ಲ. ಬೋರ್ಡ್ ಸಾಮಾನ್ಯವಾಗಿ ಟಿ6 ನಕ್ಷತ್ರ ತಿರುಪುಗಳಲ್ಲಿ ಕೂತಿರುತ್ತದೆ. ಬಿಚ್ಚಿ, ಕರೆಂಟ್ ಇಲ್ಲದೆ, ಡಯೋಡಿನ ಎರಡು ತುದಿಗೆ ಮೀಟರ್ ಹಿಡಿದರೆ ಓಮ್ ಸೊನ್ನೆಯ ಹತ್ತಿರ ಬಂದರೆ ಅದೇ ಶಾರ್ಟ್. ಊರಿನಲ್ಲಿ ಮೊಬೈಲ್ ರಿಪೇರಿ ಮಾಡುವ ಒಳ್ಳೆಯ ಕೈ ಇದ್ದರೆ ಆ ಡಯೋಡ್ ಒಂದನ್ನೇ ಎತ್ತಿಸಿ. ಡಿಸ್ಕ್ ಅದಿಲ್ಲದೆಯೂ ಓಡುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ. ಹಾಗಾಗಿ ಒಳ್ಳೆಯ ಎಸ್‌ಎಂಪಿಎಸ್, ಯುಪಿಎಸ್ ಮೇಲೆ, ನಕಲು ತೆಗೆಯಲು ಮಾತ್ರ ಓಡಿಸಿ.

ಬೇರೆ ಡಿಸ್ಕಿನ ಬೋರ್ಡ್ ತಂದು ಕೂರಿಸುವ ಯೋಚನೆ ಬೇಡ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅದೇ ಮಾದರಿಯ ಬೋರ್ಡ್ ಸಿಕ್ಕರೂ, ಆ ಡಿಸ್ಕಿಗೇ ಹೊಂದಿಸಿದ ವಿವರ ಹಳೆಯ ಬೋರ್ಡಿನ ರೋಮ್ ಚಿಪ್ಪಿನಲ್ಲಿರುತ್ತದೆ. ಅದನ್ನೂ ಕಿತ್ತು ಸಾಗಿಸದಿದ್ದರೆ ಹೊಸ ಬೋರ್ಡ್ ಕೆಲಸಕ್ಕೆ ಬರುವುದಿಲ್ಲ.

ಹೊಸಬಳು

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ನನ್ನದು 2 ಡಿಸ್ಕಿನ ಚಿಕ್ಕ ಪೆಟ್ಟಿಗೆ, ರೇಡ್ 1, ಎಆರ್‌ಎಂ ಪ್ರೊಸೆಸರ್. ಪೆಟ್ಟಿಗೆ ಹೋಗಿದೆ. ಒಂದು ಡಿಸ್ಕನ್ನು ಲಿನಕ್ಸ್‌ಗೆ ಜೋಡಿಸಿ ಇಲ್ಲಿ ಹೇಳಿದ ಹಾಗೆಯೇ ಮಾಡಿದೆ. ಅರೇ ಎದ್ದಿತು, ಇಎಕ್ಸ್‌ಟಿ4 ಎಂದೂ ತೋರಿಸುತ್ತದೆ, ಮೌಂಟ್ ಮಾತ್ರ ಆಗುವುದಿಲ್ಲ.

ಕಪ್ಪುಪರದೆ

ಫೈಲ್ ಸಿಸ್ಟಂನ ಬ್ಲಾಕ್ ಅಳತೆ ನೋಡಿ. ಕೆಲವು ಹಳೆಯ ಚಿಕ್ಕ ಪೆಟ್ಟಿಗೆಗಳು 64 ಕೆಬಿ ಬ್ಲಾಕ್ ಬಳಸುತ್ತಿದ್ದವು. ಸಾಮಾನ್ಯ ಪಿಸಿಯ ಮೆಮೊರಿ ಪುಟ 4 ಕೆಬಿ, ಅದಕ್ಕಿಂತ ದೊಡ್ಡ ಬ್ಲಾಕನ್ನು ಕರ್ನಲ್ ಬಹುಕಾಲ ಮೌಂಟ್ ಮಾಡುತ್ತಿರಲಿಲ್ಲ. ಡಿಸ್ಕ್ ಕೆಟ್ಟಿಲ್ಲ. ಫ್ಯೂಸ್ ಇಎಕ್ಸ್‌ಟಿ2 ಮೂಲಕ ಓದಲು ಮಾತ್ರವಾಗಿ ಮೌಂಟ್ ಮಾಡಿ, ಅಥವಾ ಡಿಬಗ್‌ಎಫ್‌ಎಸ್‌ನ ಆರ್‌ಡಂಪ್‌ನಿಂದ ಫೋಲ್ಡರುಗಳನ್ನು ಹೊರತೆಗೆಯಿರಿ.

ಹೊಸಬಳು

64 ಕೆಬಿಯೇ! ಡಿಬಗ್‌ಎಫ್‌ಎಸ್‌ನಿಂದ ಫೋಟೋಗಳು ಬರುತ್ತಿವೆ. ಧನ್ಯವಾದಗಳು.

ತುಂಗಾತೀರ

ಪೇಟೆಯ ಮೊಬೈಲ್ ರಿಪೇರಿಯವರು ಮೀಟರ್ ಹಿಡಿದು ನೋಡಿದರು. 12 ವೋಲ್ಟಿನ ಡಯೋಡೇ ಶಾರ್ಟ್. ಅದನ್ನು ಎತ್ತಿದ ಮೇಲೆ 2ನೆಯ ಡಿಸ್ಕ್ ತಿರುಗಿತು. ಯುಪಿಎಸ್ ಮೇಲೆ ಇಟ್ಟು ಡಿಡಿರೆಸ್ಕ್ಯೂ ಓಡಿಸಿದೆ, ಒಂದು ದೋಷವೂ ಇಲ್ಲದೆ ಪೂರ್ತಿ ಬಂತು. ಈವೆಂಟ್ಸ್ ಉಳಿದವುಗಳಷ್ಟೇ. 1, 3 ಮತ್ತು 2ರ ಇಮೇಜ್ ಸೇರಿಸಿ ಹೊಸ ಓವರ್‌ಲೇ ಮೇಲೆ ಕೂಡಿಸಿದೆ. ಮೊದಲ ಪ್ರತಿಯೊಂದಿಗೆ ಆರ್‌ಸಿಂಕ್‌ನಲ್ಲಿ ಚೆಕ್‌ಸಮ್ (ಫೈಲಿನ ಒಳಗಿನದನ್ನು ತಾಳೆ ನೋಡುವ ಸಂಖ್ಯೆ) ಹೋಲಿಸಿದಾಗ ಬೇರೆಯಾಗಿದ್ದವು ಕೆಲವು ಫೋಟೋಗಳು ಮತ್ತು ಎರಡು ಧ್ವನಿಮುದ್ರಣಗಳು. ಅವುಗಳನ್ನು ಈ ಸರಿಯಾದ ಪ್ರತಿಯಿಂದ ಬದಲಿಸಿದೆ. ಟಿಕ್ ಸದ್ದು ಇದ್ದ ಜಾಗದಲ್ಲಿ ಈಗ ಮಾತು ನಿರಾಳವಾಗಿ ಸಾಗುತ್ತದೆ.

ಡಬ್ಲಿನ್‌ವಾಸಿ

ಪ್ರಯೋಗಾಲಯ ಎಂದು ಪಟ್ಟುಹಿಡಿದವನು ನಾನು. ಹೀಗಾದದ್ದಕ್ಕೆ ನಿಜಕ್ಕೂ ಖುಷಿ. ಇನ್ನು ಮುಂದಿನ ವ್ಯವಸ್ಥೆ ಏನು? ರೇಡ್ ಇದ್ದರೆ ಬ್ಯಾಕಪ್ ಇದ್ದ ಹಾಗಲ್ಲ ಎಂಬುದು ಸಿಡಿಲಿಗೆ ಮಾತ್ರ ಅನ್ವಯಿಸುವುದಲ್ಲ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಪೆಟ್ಟಿಗೆಗಳನ್ನು ಯಾರೋ ಅಂತರ್ಜಾಲದ ಮೂಲಕವೇ ಅಳಿಸಿಹಾಕಿದರು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ್‍ಯಾನ್ಸಮ್‌ವೇರ್ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಬೀಗ ಹಾಕಿ 0.03 ಬಿಟ್‌ಕಾಯಿನ್ ಕೇಳಿತು. ಅಲ್ಲಿ ಡಿಸ್ಕುಗಳೆಲ್ಲ ಚೆನ್ನಾಗಿಯೇ ಇದ್ದವು.

ತುಂಗಾತೀರ

ಹೌದು, ಅದಕ್ಕೇ ಒಂದು ಪ್ರತಿ ಮೈಸೂರಿನ ಅಕ್ಕನ ಮನೆಗೆ ಹೋಗುತ್ತಿದೆ, ಒಂದು ಇಲ್ಲೇ ತಂತಿ ಕಳಚಿದ ಡಿಸ್ಕಿನಲ್ಲಿ ಬೀರುವಿನಲ್ಲಿರುತ್ತದೆ. ಚಂಡೆಮದ್ದಳೆಯವರೇ, ಅಪ್ಪ ಒಪ್ಪಿದ್ದಾರೆ, ಮೂರನೆಯ ಪ್ರತಿ ನಿಮ್ಮಲ್ಲಿರಲಿ. ಫೈಲುಗಳ ಪಟ್ಟಿಯನ್ನು ಚೆಕ್‌ಸಮ್ ಸಮೇತ ಖಾಸಗಿ ಸಂದೇಶದಲ್ಲಿ ಕಳಿಸುತ್ತೇನೆ.

ಬೆಸುಗೆ

ಹೊಸ ಪೆಟ್ಟಿಗೆ ಕೊಳ್ಳುವ ಮುಂಚೆ ಮನೆಯ ಅರ್ಥಿಂಗ್ ತೋರಿಸಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ಹಾಕಿದರೂ ಹೆಚ್ಚು ಪ್ರಯೋಜನವಿಲ್ಲ. ತಾಮ್ರದ ಟೆಲಿಫೋನ್ ತಂತಿ ಇನ್ನೂ ಇದ್ದರೆ ಫೈಬರಿಗೆ ಬದಲಿಸಿಕೊಳ್ಳಿ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಗುಡುಗು ಶುರುವಾದರೆ ಪ್ಲಗ್ ಜೊತೆಗೆ ನೆಟ್‌ವರ್ಕ್ ತಂತಿಯನ್ನೂ ಕೀಳಿ.

ಚಂಡೆಮದ್ದಳೆ

ಪಟ್ಟಿ ಬಂತು. ಡಿಸ್ಕ್ ಬಂದ ಮೇಲೆ ಚೆಕ್‌ಸಮ್ ಹೋಲಿಸಿ ಇಲ್ಲೇ ತಿಳಿಸುತ್ತೇನೆ. 1987 ಎಂದು ಗುರುತಿಸಿದ ಒಂದು ಕೂಟದಲ್ಲಿ ಮದ್ದಳೆಗಾರರ ಹೆಸರು ಬರೆದಿಲ್ಲ, ತಂದೆಯವರಿಗೆ ನೆನಪಿದ್ದರೆ ಕೇಳಿ ಸೇರಿಸಿ.